ಒಣನೆಲ ಕಾಪಾಡಿದ ಕೋಟೆ: ಜೈಸಲ್ಮೇರ್

ಜೋಧಪುರದಿಂದ ಪಶ್ಚಿಮಕ್ಕೆ, ಪೋಖರಣ್ ಮಾರ್ಗವಾಗಿ ಜೈಸಲ್ಮೇರ್ ತಲುಪುವ ಸುಮಾರು 285 ಕಿಲೋಮೀಟರ್ ಉದ್ದದ ರಸ್ತೆಯಲ್ಲಿ ಮಳೆ ಎಲ್ಲೆಲ್ಲಿ ಕ್ಷೀಣಿಸುತ್ತ ಹೋಗುತ್ತದೆ ಎಂಬುದನ್ನು ಗಿಡಮರಗಳೇ ಹೇಳುತ್ತವೆ. ಆರಂಭದಲ್ಲಿ ಹೊಲಗಳ ನಡುವೆ ಖೇಜಡಿ ಮರಗಳು ಸಾಲಾಗಿ ನಿಂತಿರುತ್ತವೆ. ಕನ್ನಡನಾಡಿನಲ್ಲಿ ವಿಜಯದಶಮಿಯ ದಿನ ಪೂಜೆಗೊಳ್ಳುವ ಬನ್ನಿಮರವೇ ಅದು. ಥಾರ್ ಮರುಭೂಮಿಯಲ್ಲಿ ಅದರ ಸೊಪ್ಪು ಆಡು ಒಂಟೆಗಳಿಗೆ ಮೇವು, ಸಾಂಗ್ರಿ ಎಂದು ಕರೆಯಲಾಗುವ ಅದರ ಎಳೆಗಾಯಿ ಒಣಗಿಸಿಟ್ಟು ವರ್ಷವಿಡೀ ಬಳಸುವ ತರಕಾರಿ. ಪೋಖರಣ್ ದಾಟಿದ ಮೇಲೆ ಖೇಜಡಿ ವಿರಳವಾಗಿ, ಎಕ್ಕ, ಕಳ್ಳಿ ಮತ್ತು ಎಲೆಯಿಲ್ಲದ ಕೇರ್ ಪೊದೆಗಳು ಉಳಿಯುತ್ತವೆ, ನೆಲವು ಮರಳಿಗಿಂತ ಹೆಚ್ಚಾಗಿ ಕಲ್ಲುಹರಳಿನ ಬಯಲಾಗುತ್ತದೆ. ಜೈಸಲ್ಮೇರಿನಲ್ಲಿ ವರ್ಷವೊಂದಕ್ಕೆ ಬೀಳುವ ಸರಾಸರಿ ಮಳೆ 200 ಮಿಲಿಮೀಟರಿಗಿಂತ ಕಡಿಮೆ. ಅಷ್ಟು ಮಳೆಯನ್ನು ಆಗುಂಬೆ ತನ್ನ ಮಳೆಗಾಲದ ಒಂದು ದಿನದಲ್ಲಿ ಕಂಡದ್ದುಂಟು. ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಈ ನಗರವನ್ನು ನೋಡಿದರೆ ಅಲ್ಲಿನ ಕೋಟೆಯಾಗಲಿ, ಮಹಲುಗಳಾಗಲಿ, ಗ್ರಂಥಭಂಡಾರವಾಗಲಿ ಪೂರ್ತಿ ಅರ್ಥವಾಗುವುದಿಲ್ಲ.

ಕೋಟೆ ನಿಂತಿರುವ ತ್ರಿಕೂಟ ಬೆಟ್ಟ ಸುತ್ತಲಿನ ಬಯಲಿನಿಂದ ಸುಮಾರು 75 ಮೀಟರ್ ಎತ್ತರಕ್ಕೆ ಏಳುವ ಹಳದಿ ಕಲ್ಲಿನ ದಿಬ್ಬ. ಈ ಪ್ರದೇಶದ ಕಲ್ಲು ಜುರಾಸಿಕ್ ಯುಗದ್ದು, ಅಂದರೆ ಇಲ್ಲಿ ಸಮುದ್ರ ಹಿಂದೆ ಮುಂದೆ ಸರಿಯುತ್ತಿದ್ದ ಕಾಲದ್ದು. ನಗರದಿಂದ ಸುಮಾರು 17 ಕಿಲೋಮೀಟರ್ ದೂರದ ಆಕಲ್ ಎಂಬಲ್ಲಿ ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಬಿದ್ದಿರುವುದನ್ನು ಇಂದಿಗೂ ನೋಡಬಹುದು. 1156ರಲ್ಲಿ ಭಾಟಿ ರಜಪೂತ ವಂಶದ ರಾವಲ್ ಜೈಸಲನು ಲೋದುರ್ವಾ ಎಂಬ ಹಳೆಯ ರಾಜಧಾನಿಯನ್ನು ಬಿಟ್ಟು ಈ ಬೆಟ್ಟದ ಮೇಲೆ ಕೋಟೆ ಕಟ್ಟಲು ತೊಡಗಿದನೆಂದು ಪರಂಪರೆ ಹೇಳುತ್ತದೆ. ರಾವಲ್ ಎಂಬುದು ಇಲ್ಲಿನ ಅರಸರ ಬಿರುದು. ಬಯಲಿನಲ್ಲಿದ್ದ ಲೋದುರ್ವಾ ಪದೇ ಪದೇ ದಾಳಿಗೆ ಸಿಕ್ಕಿದ್ದರಿಂದ ಎತ್ತರದ ಜಾಗ ಬೇಕಾಯಿತು ಎಂಬುದು ಸಮಂಜಸವಾದ ಕಾರಣ. ಆದರೆ ಜನರು ನೆನಪಿಟ್ಟುಕೊಂಡ ಕಥೆ ಬೇರೆ. ಕೃಷ್ಣನು ಅರ್ಜುನನೊಡನೆ ಇಲ್ಲಿಗೆ ಬಂದಾಗ ಬಂಡೆಗೆ ಚಕ್ರದಿಂದ ಹೊಡೆದು ನೀರು ಚಿಮ್ಮಿಸಿದನೆಂದೂ, ತನ್ನ ವಂಶದವನೊಬ್ಬ ಇದೇ ಜಾಗದಲ್ಲಿ ರಾಜ್ಯ ಕಟ್ಟುವನೆಂದು ನುಡಿದನೆಂದೂ ಒಬ್ಬ ತಪಸ್ವಿ ಜೈಸಲನಿಗೆ ತಿಳಿಸಿದನಂತೆ. ಭಾಟಿಗಳು ತಮ್ಮನ್ನು ಯದುವಂಶದವರೆಂದು ಕರೆದುಕೊಳ್ಳುತ್ತಾರೆ, ಕೋಟೆಯೊಳಗೆ ಜೈಸಲೂ ಎಂಬ ಬಾವಿಯೂ ಇದೆ. ರಾಜ್ಯಸ್ಥಾಪನೆಯ ಕಥೆಯೇ ನೀರು ಸಿಕ್ಕಿದ ಕಥೆಯಾಗಿರುವುದು ಮರುಭೂಮಿಗೆ ತಕ್ಕದ್ದಾಗಿದೆ.

ಕೋಟೆಯ ಉದ್ದ ಸುಮಾರು 460 ಮೀಟರ್, ಅಗಲ ಸುಮಾರು 230 ಮೀಟರ್. ಹೊರಗೋಡೆಯಲ್ಲಿ 99 ಬುರುಜುಗಳಿದ್ದು, ಅವುಗಳಲ್ಲಿ ಹೆಚ್ಚಿನವು 17ನೆಯ ಶತಮಾನದ ಮಧ್ಯಭಾಗದಲ್ಲಿ ಕಟ್ಟಲ್ಪಟ್ಟವು. ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಎಂಬ ನಾಲ್ಕು ಹೆಬ್ಬಾಗಿಲುಗಳನ್ನು ಒಂದರ ಹಿಂದೊಂದು ದಾಟುತ್ತ ಏರುವ ದಾರಿ ಪ್ರತಿ ಬಾಗಿಲಿನ ಬಳಿ ತಿರುವು ಪಡೆಯುತ್ತದೆ. ಆನೆಯಾಗಲಿ ಕುದುರೆದಂಡಾಗಲಿ ವೇಗ ಪಡೆದು ನುಗ್ಗದಂತೆ ಮಾಡಿದ ವ್ಯವಸ್ಥೆ ಅದು. ಎರಡು ಗೋಡೆಗಳ ನಡುವೆ ಸೈನಿಕರು ಓಡಾಡಲು ಬಿಟ್ಟ ಓಣಿಗೆ ಮೋರಿ ಎಂದು ಹೆಸರು. ಗೋಡೆಯ ತಲೆಯ ಮೇಲೆ ಜೋಡಿಸಿಟ್ಟ ಗುಂಡು ಮತ್ತು ಉರುಳೆಯಾಕಾರದ ಕಲ್ಲುಗಳು ಅಲಂಕಾರಕ್ಕೆ ಇಟ್ಟವಲ್ಲ, ಮುತ್ತಿಗೆಯ ವೇಳೆ ಕೆಳಗೆ ಉರುಳಿಸಲು ಇಟ್ಟವು. ಕಲ್ಲುಗಳನ್ನು ನೀರು ಬೇಡುವ ಸುಣ್ಣದ ಗಾರೆಯನ್ನು ನೆಚ್ಚದೆ ಒಂದಕ್ಕೊಂದು ಕಚ್ಚಿಸಿ ಜೋಡಿಸಿರುವುದು ಇಲ್ಲಿನ ಕಟ್ಟಡಕಲೆಯ ವಿಶೇಷ. ಮನೆಗಳ ಮಾಳಿಗೆಯಾದರೋ ಮರದ ತೊಲೆಗಳ ಮೇಲೆ ದಪ್ಪನಾಗಿ ಹರಡಿದ ಮಣ್ಣಿನದು: ಬೇಸಿಗೆಯಲ್ಲಿ 45 ಡಿಗ್ರಿ ಮೀರುವ ಬಿಸಿಲನ್ನು ಅದು ತಡೆಯುತ್ತದೆ, ಅಪರೂಪದ ಮಳೆಯನ್ನು ತಾಳುವಷ್ಟು ಗಟ್ಟಿಯಾಗಿಯೂ ಇದೆ, ಆದರೆ ಹೆಚ್ಚು ಮಳೆಯನ್ನು ಎದುರುನೋಡಿ ಕಟ್ಟಿದ್ದಲ್ಲ. ಬೀಳುವ ನೀರು ಕೋಟೆಯೊಳಗೆ ನಿಲ್ಲದೆ ನಾಲ್ಕೂ ದಿಕ್ಕಿಗೆ ಇಳಿದು ಹೋಗಲೆಂದು ಘುಟ್ ನಾಲಿ ಎಂಬ ಚರಂಡಿಗಳನ್ನು ಹಿಂದೆಯೇ ಮಾಡಿದ್ದರು. ಭಾರತದ ಹೆಚ್ಚಿನ ಕೋಟೆಗಳು ಇಂದು ಬರಿದಾದ ಸ್ಮಾರಕಗಳಾಗಿರುವಾಗ ಇಲ್ಲಿ ಕೆಲವು ಸಾವಿರ ಜನರು ತಲೆಮಾರುಗಳಿಂದ ವಾಸವಾಗಿದ್ದಾರೆ. ಅರಮನೆಯ ಮುಂದಿನ ದಸರಾ ಚೌಕದಿಂದ ಕವಲೊಡೆಯುವ ಓಣಿಗಳಲ್ಲಿ ಹಿಟ್ಟಿನ ಗಿರಣಿ, ದೇವಸ್ಥಾನ, ಶಾಲೆಯ ಮಕ್ಕಳು, ಹಸುಗಳು ಎಲ್ಲವೂ ಎದುರಾಗುತ್ತವೆ. 2013ರಲ್ಲಿ ಚಿತ್ತೋರ್, ಕುಂಭಲ್‌ಗಢ, ರಣಥಂಭೋರ್, ಗಾಗ್ರೋನ್, ಆಮೇರ್ ಕೋಟೆಗಳೊಂದಿಗೆ ಇದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಭಾಟಿಗಳ ಇತಿಹಾಸವನ್ನು ಚಾರಣರು, ಅಂದರೆ ರಾಜಸ್ಥಾನದ ವಂಶಪರಂಪರೆಯ ಕವಿಗಳು, ‘ಎರಡೂವರೆ ಸಾಕಾ’ ಎಂಬ ಲೆಕ್ಕದಲ್ಲಿ ನೆನೆಯುತ್ತಾರೆ. ಗೆಲ್ಲುವ ಆಸೆ ಮುಗಿದಾಗ ಹೆಂಗಸರು ಬೆಂಕಿಗೆ ಬಿದ್ದು ಗಂಡಸರು ಬಾಗಿಲು ತೆರೆದು ಕಾದಿ ಸಾಯುವುದು ಸಾಕಾ. ಮೊದಲನೆಯದು ಅಲಾವುದ್ದೀನ್ ಖಿಲ್ಜಿಯ ಕಾಲದ ಮುತ್ತಿಗೆಗೆ, ಎರಡನೆಯದು ಅನಂತರದ ದೆಹಲಿ ಸುಲ್ತಾನರ ದಾಳಿಗೆ ಸೇರಿದ್ದು. 16ನೆಯ ಶತಮಾನದ ಮಧ್ಯದಲ್ಲಿ ರಾವಲ್ ಲೂಣಕರಣನ ಕಾಲದಲ್ಲಿ ಆಶ್ರಯ ಕೇಳಿ ಬಂದ ಅತಿಥಿಯೊಬ್ಬನು ಮೋಸದಿಂದ ಕೋಟೆಯೊಳಗೆ ನುಗ್ಗಿದಾಗ ಚಿತೆ ಹೊತ್ತಿಸುವಷ್ಟು ಸಮಯವೂ ಇಲ್ಲದೆ ಹೋದದ್ದರಿಂದ ಅದನ್ನು ಅರ್ಧ ಸಾಕಾ ಎಂದು ಎಣಿಸುತ್ತಾರೆ. ಮಾರ್ಗದರ್ಶಕರು ಈ ಕಥೆಗಳನ್ನು ಶೌರ್ಯದ ಉತ್ಸಾಹದಿಂದ ಹೇಳುತ್ತಾರಾದರೂ, ಆ ಲೆಕ್ಕದಲ್ಲಿ ಹೆಸರಿಲ್ಲದೆ ಸತ್ತ ಹೆಂಗಸರ ಪಾಲನ್ನು ನೆನೆದವರಿಗೆ ಅಲ್ಲಿ ದುಃಖವಲ್ಲದೆ ಬೇರೆ ಭಾವ ಹುಟ್ಟುವುದು ಕಷ್ಟ. ಮುತ್ತಿಗೆಗಳ ನಡುವಿನ ದೀರ್ಘ ಕಾಲದಲ್ಲಿ ನಗರವನ್ನು ಬದುಕಿಸಿದ್ದು ವ್ಯಾಪಾರ. ಸಿಂಧ್ ಮತ್ತು ಅದರಾಚೆಯ ನಾಡುಗಳಿಗೆ ಹೋಗುವ ಒಂಟೆಯ ಸಾರ್ಥಗಳು, ಎಂದರೆ ವರ್ತಕರ ತಂಡಗಳು, ಇಲ್ಲಿ ತಂಗಿ ನೀರು ತುಂಬಿಕೊಂಡು ಸುಂಕ ಕೊಟ್ಟು ಮುಂದೆ ಸಾಗುತ್ತಿದ್ದವು; ಆ ಸಂಪತ್ತಿನ ದೊಡ್ಡ ಪಾಲು ಜೈನ ವರ್ತಕರ ಕೈಯಲ್ಲಿತ್ತು.

ಆ ವರ್ತಕರ ದಾನದಿಂದ 15 ಮತ್ತು 16ನೆಯ ಶತಮಾನಗಳಲ್ಲಿ ಕೋಟೆಯೊಳಗೆ ಎದ್ದ ಪಾರ್ಶ್ವನಾಥ, ಸಂಭವನಾಥ, ಚಂದ್ರಪ್ರಭ, ಶಾಂತಿನಾಥ ಮೊದಲಾದ ತೀರ್ಥಂಕರರ ಮಂದಿರಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿವೆ. ಅವುಗಳ ತೋರಣ, ಭುವನೇಶ್ವರಿ, ನರ್ತಕಿಯರ ಶಿಲ್ಪಗಳನ್ನು ಮೆಚ್ಚದವರಿಲ್ಲ. ಆದರೆ ಕನ್ನಡ ಓದುಗರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಸಂಭವನಾಥ ಮಂದಿರದ ನೆಲಮಾಳಿಗೆಯ ಗ್ರಂಥಭಂಡಾರ. ಶ್ವೇತಾಂಬರ ಜೈನರ ಖರತರ ಗಚ್ಛ ಎಂಬ ಯತಿಪರಂಪರೆಗೆ ಸೇರಿದ ಆಚಾರ್ಯ ಜಿನಭದ್ರಸೂರಿ 15ನೆಯ ಶತಮಾನದಲ್ಲಿ ಸ್ಥಾಪಿಸಿದ ಈ ಭಂಡಾರದಲ್ಲಿ 11ನೆಯ ಶತಮಾನದಿಂದೀಚಿನ ತಾಳೆಗರಿಯ ಹಸ್ತಪ್ರತಿಗಳು ಉಳಿದು ಬಂದಿವೆ. ತಾಳೆಯ ಮರ ಬೆಳೆಯದ ನಾಡಿನಲ್ಲಿ ತಾಳೆಗರಿಗಳ ಇಷ್ಟು ದೊಡ್ಡ ರಾಶಿ ಇರುವುದೇ ಸೋಜಿಗ. ಅಗಲ ಎಲೆಯ ಶ್ರೀತಾಳದ ಗರಿಗಳು ದಕ್ಷಿಣದಿಂದ ವ್ಯಾಪಾರದ ಸರಕಾಗಿ ಗುಜರಾತಿಗೆ ಬಂದು, ಅಲ್ಲಿ ಕಂಟ ಎಂಬ ಲೋಹದ ಮೊನೆಯಿಂದ ಕೊರೆಯುವ ನಮ್ಮ ಕಡೆಯ ಪದ್ಧತಿಯಂತಲ್ಲದೆ ಲೇಖನಿ ಮತ್ತು ಮಸಿಯಿಂದ ಬರೆಯಲ್ಪಟ್ಟು, ದಾಳಿಗಳ ಭಯದ ಕಾಲದಲ್ಲಿ ಈ ದೂರದ ಕೋಟೆಯನ್ನು ಸೇರಿದವು. ಮೂಡುಬಿದಿರೆಯಲ್ಲಿ ಧವಲ, ಜಯಧವಲ ಎಂಬ ಜೈನ ಗ್ರಂಥಗಳ ಓಲೆಗಳನ್ನು ಕರಾವಳಿಯ ತೇವ ಮತ್ತು ಹುಳುಗಳ ನಡುವೆ ಕಾಯ್ದುಕೊಂಡ ಶ್ರಮ ಎಂಥದ್ದೆಂದು ಬಲ್ಲವರಿಗೆ ಜೈಸಲ್ಮೇರಿನ ಒಣಗಾಳಿ ಗ್ರಂಥಗಳಿಗೆ ಎಂಥ ವರವಾಯಿತೆಂದು ಬೇರೆ ವಿವರಿಸಬೇಕಿಲ್ಲ.

1874ರಲ್ಲಿ ಜರ್ಮನ್ ಸಂಸ್ಕೃತ ವಿದ್ವಾಂಸ ಗಿಯೋರ್ಗ್ ಬ್ಯೂಲರ್, ಹರ್ಮನ್ ಯಾಕೋಬಿ ಎಂಬ ತರುಣ ಸಹೋದ್ಯೋಗಿಯೊಡನೆ ಈ ಭಂಡಾರವನ್ನು ನೋಡಲು ಬಂದನು. ಅಲ್ಲಿ ಅವನಿಗೆ ಸಿಕ್ಕಿದ ತಾಳೆಗರಿಯ ಕಟ್ಟುಗಳಲ್ಲಿ ಒಂದು ಬಿಲ್ಹಣನ ‘ವಿಕ್ರಮಾಂಕದೇವಚರಿತ’. ಕಾಶ್ಮೀರದಲ್ಲಿ ಹುಟ್ಟಿ, ಊರೂರು ಅಲೆದು, ಕೊನೆಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿ ಎನಿಸಿಕೊಂಡ ಬಿಲ್ಹಣನು ತನ್ನ ಒಡೆಯನನ್ನು ಕುರಿತು ಹದಿನೆಂಟು ಸರ್ಗಗಳಲ್ಲಿ ಬರೆದ ಮಹಾಕಾವ್ಯವದು. ಬ್ಯೂಲರ್ ಮತ್ತು ಯಾಕೋಬಿ ಸುಮಾರು ಒಂದು ವಾರ ಕುಳಿತು ಅದನ್ನು ಕೈಯಿಂದ ನಕಲು ಮಾಡಿಕೊಂಡರು. 1875ರಲ್ಲಿ ಮುಂಬಯಿಯಲ್ಲಿ ಅದು ಅಚ್ಚಾಯಿತು. ಕಾವ್ಯ ಒಡೆಯನ ಪರವಾಗಿ ವಾದಿಸುತ್ತದೆ, ಅಣ್ಣನಾದ ಎರಡನೆಯ ಸೋಮೇಶ್ವರನಿಂದ ಸಿಂಹಾಸನ ಕಿತ್ತುಕೊಂಡದ್ದನ್ನು ದೈವದ ಇಚ್ಛೆಯೆಂದು ಬಣ್ಣಿಸುತ್ತದೆ ಎಂಬುದು ನಿಜ. ಆದರೂ 1076ರಿಂದ 1126ರವರೆಗೆ ಆಳಿದ, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದ ಕನ್ನಡನಾಡಿನ ಅರಸನೊಬ್ಬನ ಸಮಕಾಲೀನ ಚರಿತ್ರೆ, ಇಂದಿನ ಬಸವಕಲ್ಯಾಣದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮರುಭೂಮಿಯ ನೆಲಮಾಳಿಗೆಯಿಂದ ವಿದ್ವಲ್ಲೋಕಕ್ಕೆ ಮರಳಿ ಬಂದದ್ದು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ.

ಋಣ ಇಷ್ಟಕ್ಕೇ ಮುಗಿಯುವುದಿಲ್ಲ. 779ರಲ್ಲಿ ಜಾಲೋರಿನಲ್ಲಿ ಉದ್ದ್ಯೋತನಸೂರಿ ಪ್ರಾಕೃತದಲ್ಲಿ ರಚಿಸಿದ ‘ಕುವಲಯಮಾಲಾ’ ಎಂಬ ಕಥಾಗ್ರಂಥದಲ್ಲಿ ಒಂದು ಸಂತೆಯ ವರ್ಣನೆ ಬರುತ್ತದೆ. ನಾನಾ ದೇಶಗಳ ವರ್ತಕರು ತಂತಮ್ಮ ನುಡಿಯಲ್ಲಿ ಮಾತನಾಡುವ ಆ ಸಂತೆಯಲ್ಲಿ ಕರ್ಣಾಟಕದವರೂ ಇದ್ದಾರೆ. ಈ ಗ್ರಂಥದ ಮುಖ್ಯ ತಾಳೆಗರಿಯ ಪ್ರತಿ ಉಳಿದದ್ದು ಜೈಸಲ್ಮೇರಿನಲ್ಲಿ. ಅದನ್ನು ಇನ್ನೊಂದು ಕಾಗದದ ಪ್ರತಿಯೊಡನೆ ಹೋಲಿಸಿ ಪರಿಷ್ಕರಿಸಿ ಪ್ರಕಟಿಸಿದವರು ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರ ಪಾಂಡಿತ್ಯ ಹೀಗೆ ಥಾರಿನ ಗ್ರಂಥಗಳವರೆಗೂ ಚಾಚಿತ್ತು. ಪ್ರವಾಸಿಗಳಿಗೆ ಭಂಡಾರದಲ್ಲಿ ಕೆಲವೇ ಓಲೆಗಳು ಗಾಜಿನ ಹಿಂದೆ ಕಾಣಸಿಗುವುದರಿಂದ ಹೆಚ್ಚಿನವರು ಎರಡು ನಿಮಿಷದಲ್ಲಿ ಹೊರಬರುತ್ತಾರೆ. ಈ ಹಿನ್ನೆಲೆ ತಿಳಿದು ಹೋದವರು ಹಾಗೆ ಬೇಗ ಹೊರಬರಲಾರರು.

ಕೆಳಗಿನ ಪೇಟೆಯ ಹವೇಲಿಗಳು, ಅಂದರೆ ಶ್ರೀಮಂತರ ಅಂಗಳಮನೆಗಳು, ಪ್ರವಾಸಿಗಳ ಚಿತ್ರಗಳಿಂದ ಈಗಾಗಲೇ ಚಿರಪರಿಚಿತ. ಗುಮಾನ್‌ಚಂದ್ ಪಟ್ವಾ ಎಂಬ ವರ್ತಕನ ಐದು ಗಂಡುಮಕ್ಕಳಿಗಾಗಿ 19ನೆಯ ಶತಮಾನದ ಆರಂಭದಲ್ಲಿ ಎದ್ದ ಐದು ಮನೆಗಳ ಸಾಲೇ ಅವುಗಳಲ್ಲಿ ದೊಡ್ಡದು. ನಥಮಲ್ ಹವೇಲಿಯನ್ನು 1885ರ ಸುಮಾರಿಗೆ ಹಾಥಿ ಮತ್ತು ಲಾಲು ಎಂಬ ಅಣ್ಣತಮ್ಮಂದಿರು ಎಡಬಲಗಳನ್ನು ಹಂಚಿಕೊಂಡು ಕೆತ್ತಿದರಂತೆ. ಹೊರಚಾಚಿದ ಕೆತ್ತನೆಯ ಕಿಟಕಿಗಳಾದ ಝರೋಕಾಗಳ ಜಾಲಂದರದಿಂದ ಗಾಳಿ ಒಳಬರುತ್ತದೆ, ಬಿಸಿಲು ಹೊರಗುಳಿಯುತ್ತದೆ. ಇಷ್ಟು ಐಶ್ವರ್ಯ ಕಂಡ ನಗರಕ್ಕೆ ಮುಂಬಯಿ ಬಂದರಿನ ಏಳಿಗೆ ಮತ್ತು ರೈಲು ದಾರಿಗಳು ಪೆಟ್ಟು ಕೊಟ್ಟವು. 1947ರ ದೇಶವಿಭಜನೆಯು ಸಿಂಧ್ ಕಡೆಯ ದಾರಿಯನ್ನೇ ಮುಚ್ಚಿತು. 1965 ಮತ್ತು 1971ರ ಯುದ್ಧಗಳ ಬಳಿಕ ಗಡಿ ಜಿಲ್ಲೆಯೆಂಬ ಕಾರಣಕ್ಕೆ ರಸ್ತೆ, ಸೇನಾನೆಲೆಗಳು ಬಂದವು. 1974ರಲ್ಲಿ ಈ ಕೋಟೆಯನ್ನೇ ಕಥೆಯ ಕೇಂದ್ರವಾಗಿಸಿಕೊಂಡ ಸತ್ಯಜಿತ್ ರೇ ಅವರ ‘ಸೋನಾರ್ ಕೇಲ್ಲಾ’ ಚಿತ್ರ ಬಂದ ಮೇಲೆ ಬಂಗಾಳದಿಂದ ಆರಂಭಿಸಿ ಎಲ್ಲೆಡೆಯ ಪ್ರವಾಸಿಗಳೂ ಬರತೊಡಗಿದರು.

ನಗರದ ಆಗ್ನೇಯ ಅಂಚಿನ ಗಡೀಸರ್ ಕೆರೆ ಈ ಊರಿನ ಬದುಕಿನ ನಿಜವಾದ ಕೇಂದ್ರ. 14ನೆಯ ಶತಮಾನದಲ್ಲಿ ರಾವಲ್ ಗಡಸಿಯ ಹೆಸರಿನಲ್ಲಿ ರೂಪುಗೊಂಡ ಈ ಕೆರೆಯೇ 20ನೆಯ ಶತಮಾನದವರೆಗೆ ಜೈಸಲ್ಮೇರಿನ ಕುಡಿಯುವ ನೀರಿನ ಮುಖ್ಯ ಆಸರೆಯಾಗಿತ್ತು. ಅದರ ದಡದ ತೀಲೋಂ ಕೀ ಪೋಲ್ ಎಂಬ ಹೆಬ್ಬಾಗಿಲನ್ನು ಕಟ್ಟಿಸಿದವಳು ಗಣಿಕೆಯೆಂಬ ಕಾರಣಕ್ಕೆ ಅರಮನೆಯವರು ಅದನ್ನು ಕೆಡವಲು ಹೊರಟಾಗ, ಆಕೆ ಮೇಲೆ ದೇವರನ್ನು ಪ್ರತಿಷ್ಠಾಪಿಸಿ ಉಳಿಸಿಕೊಂಡಳೆಂದು ಜನ ಹೇಳುತ್ತಾರೆ. ನೀರಿನ ಸಾಂಪ್ರದಾಯಿಕ ವ್ಯವಸ್ಥೆಗಳನ್ನು ಕುರಿತು ಜೀವನವಿಡೀ ದುಡಿದ ಅನುಪಮ್ ಮಿಶ್ರ ಅವರು ತಮ್ಮ ಹಿಂದಿ ಪುಸ್ತಕಗಳಲ್ಲಿ ವಿವರಿಸಿದಂತೆ, ಗಡೀಸರ್ ತುಂಬಿ ಕೋಡಿ ಹರಿದರೆ ಆ ನೀರು ಗೋವಿಂದಸರ್, ಜೋಶೀಸರ್, ಗುಲಾಬಸರ್ ಮುಂತಾದ ಕೆಳಗಿನ ಕೆರೆಗಳನ್ನು ಒಂದೊಂದಾಗಿ ತುಂಬುತ್ತ ಸಾಗುತ್ತಿತ್ತು. ಕರ್ನಾಟಕದ ಬಯಲುಸೀಮೆಯ ಕೆರೆ ಸರಣಿಗಳನ್ನು ಕಂಡವರಿಗೆ ಈ ಯೋಜನೆ ಕೂಡಲೇ ಅರ್ಥವಾಗುತ್ತದೆ, ಆದರೆ ಇಷ್ಟು ಕಡಿಮೆ ಮಳೆಯ ನಾಡಿನಲ್ಲಿಯೂ ಕೋಡಿಯ ಕನಸು ಕಂಡವರ ಧೈರ್ಯ ಬೆರಗು ಹುಟ್ಟಿಸುತ್ತದೆ.

ಮಿಶ್ರ ಅವರು ದಾಖಲಿಸಿದ ಮರುಭೂಮಿಯ ಲೆಕ್ಕದಲ್ಲಿ ನೀರು ಮೂರು ಬಗೆ: ಮಳೆಯಿಂದ ನೇರವಾಗಿ ಸಿಗುವ ಪಾಲರ್ ಪಾನಿ, ಆಳದ ಬಾವಿಯಿಂದ ಸೇದುವ ಪಾತಾಳ್ ಪಾನಿ, ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ನಿಂತಿರುವ ರೇಜಾಣಿ ಪಾನಿ. ಪಾತಾಳದ ನೀರು ಇಲ್ಲಿ ಬಹುಪಾಲು ಉಪ್ಪು. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ ಖನಿಜದ ಪದರವಿದ್ದು, ಮಳೆಯ ತೇವ ಅದನ್ನು ದಾಟಿ ಉಪ್ಪುನೀರಿಗೆ ಸೇರದೆ ಮೇಲೆಯೇ ಉಳಿಯುತ್ತದೆ. ಅಂಥ ಕಡೆ ಒಬ್ಬ ಮನುಷ್ಯ ಕುಳಿತು ಅಗೆಯುವಷ್ಟೇ ಅಗಲದ ಕಿರುಬಾವಿ ತೋಡಿದರೆ ಸುತ್ತಲಿನ ಮರಳು ತನ್ನ ತೇವವನ್ನು ಹನಿಹನಿಯಾಗಿ ಬಿಟ್ಟುಕೊಡುತ್ತದೆ. ಕೂಯಿ ಎಂಬ ಈ ಬಾವಿಯಲ್ಲಿ ದಿನಕ್ಕೆ ಸಿಗುವುದು ಎರಡು ಮೂರು ಕೊಡ ನೀರು, ಆದರೆ ಅದು ಸಿಹಿನೀರು. ಬೇಸಾಯಕ್ಕೆ ಖಡೀನ್ ಎಂಬ ಮತ್ತೊಂದು ಉಪಾಯವಿದೆ. ಕಲ್ಲುನೆಲದ ಇಳಿಜಾರಿನ ಕೆಳಭಾಗಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಮಳೆನೀರನ್ನು ನಿಲ್ಲಿಸಿ, ಅದು ಇಂಗಿದ ಮೇಲೆ ಉಳಿದ ತೇವದಲ್ಲೇ ಚಳಿಗಾಲದ ಗೋಧಿ ಮತ್ತು ಕಡಲೆ ಬೆಳೆಯುವುದು ಅದರ ಕ್ರಮ. ಒಂದು ಪಾಲು ಹೊಲಕ್ಕೆ ಹಲವು ಪಾಲು ಕಲ್ಲುನೆಲದ ನೀರು ಬೇಕೆಂಬ ಲೆಕ್ಕಾಚಾರವನ್ನು ಕರಾರುವಾಕ್ಕಾಗಿ ತಿಳಿದಿದ್ದವರು ಪಾಲಿವಾಲ ಬ್ರಾಹ್ಮಣರು.

ಪಾಲಿವಾಲರ ಕುಲಧರಾ ಎಂಬ ಊರು ನಗರದಿಂದ ಪಶ್ಚಿಮಕ್ಕೆ 20 ಕಿಲೋಮೀಟರಿನೊಳಗೆ ಹಾಳುಬಿದ್ದಿದೆ. ನೇರವಾದ ಬೀದಿಗಳು, ಮಾಳಿಗೆಯಿಲ್ಲದ ನೂರಾರು ಮನೆಗಳು, ನಡುವೆ ಒಂದು ದೇವಾಲಯ. ಸಾಲಿಂ ಸಿಂಗ್ ಎಂಬ ಕ್ರೂರ ದಿವಾನನ ಕಾಟ ತಾಳಲಾರದೆ 19ನೆಯ ಶತಮಾನದಲ್ಲಿ 84 ಹಳ್ಳಿಗಳ ಪಾಲಿವಾಲರು ಒಂದೇ ರಾತ್ರಿಯಲ್ಲಿ ಶಾಪವಿಟ್ಟು ಹೊರಟುಹೋದರೆಂಬ ಐತಿಹ್ಯವೇ ಅಲ್ಲಿ ಮಾರಾಟವಾಗುತ್ತಿದೆ. ದೆವ್ವದ ಊರೆಂದು ನೋಡಲು ಬರುವವರೇ ಹೆಚ್ಚು. ವಿದ್ವಾಂಸರು ತೆರಿಗೆಯ ಭಾರ, ಬಾವಿಗಳು ಬತ್ತಿದ್ದು, ಭೂಕಂಪದ ಸಾಧ್ಯತೆ ಇವನ್ನೆಲ್ಲ ಮುಂದಿಟ್ಟಿದ್ದಾರೆ, ಜನ ಹಂತಹಂತವಾಗಿ ಊರು ಬಿಟ್ಟಿರಬಹುದೆಂಬ ಊಹೆ ಹೆಚ್ಚು ನಂಬುವಂತಿದೆ. ಅದೇನೇ ಇರಲಿ, ಮರುಭೂಮಿಯಲ್ಲಿ ಗೋಧಿ ಬೆಳೆದ ರೈತರನ್ನು ದೆವ್ವಗಳ ಕಥೆಗೆ ಇಳಿಸಿರುವುದು ಅವರ ಜ್ಞಾನಕ್ಕೆ ಮಾಡಿದ ಅನ್ಯಾಯ. ಅವರ ಖಡೀನ್‌ಗಳಲ್ಲಿ ಹಲವು ಇಂದಿಗೂ ಬೇರೆಯವರ ಕೈಯಲ್ಲಿ ಬೆಳೆ ಕೊಡುತ್ತಿವೆ, ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ.

ಪಶ್ಚಿಮಕ್ಕೆ ಇನ್ನೂ ಮುಂದೆ, ಸಮ್ ಎಂಬಲ್ಲಿನ ಮರಳದಿಬ್ಬಗಳ ಮೇಲೆ ಒಂಟೆ ಸವಾರಿ ಮತ್ತು ಡೇರೆಗಳ ಜಾತ್ರೆ ಸೇರುತ್ತದೆ. ಅದರ ಗದ್ದಲದ ನಡುವೆಯೂ ಮಾಂಗಣಿಯಾರರು ಕಮಾಯಿಚಾ ಎಂಬ ತಂತಿವಾದ್ಯ ನುಡಿಸಿ ಹಾಡುವುದನ್ನು ಕೇಳಬಹುದು. ಮುಸ್ಲಿಮರಾದ ಇವರು ಹಿಂದೂ ರಜಪೂತ ಮನೆಗಳ ಮದುವೆ, ಹುಟ್ಟುಗಳಿಗೆ ತಲೆಮಾರುಗಳಿಂದ ಹಾಡುತ್ತ ಬಂದವರು. ಸಮ್ ಸೇರಿದಂತೆ 3,000 ಚದರ ಕಿಲೋಮೀಟರಿಗೂ ಹೆಚ್ಚು ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನ ಗೋಡಾವಣ್ ಅಥವಾ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಹಕ್ಕಿಯ ಕೊನೆಯ ದೊಡ್ಡ ನೆಲೆ. ಬಳ್ಳಾರಿಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಹಕ್ಕಿಯೂ ಇದೇ. ಮುಂದಕ್ಕೆ ನೇರವಾಗಿ ನೋಡುವ ಶಕ್ತಿ ಕಡಿಮೆಯಿರುವ ಈ ಭಾರವಾದ ಹಕ್ಕಿಗಳು ಗಾಳಿಯಂತ್ರ ಮತ್ತು ಸೌರವಿದ್ಯುತ್ತಿನ ತಂತಿಗಳಿಗೆ ಡಿಕ್ಕಿ ಹೊಡೆದು ಸಾಯುತ್ತಿವೆ.

ಈ ಒಣನಾಡಿಗೆ ಈಗ ನೀರು ಬಂದಿದೆ. ಪಂಜಾಬಿನ ಹರಿಕೆ ಅಣೆಕಟ್ಟಿನಿಂದ ಹೊರಡುವ, 1958ರಲ್ಲಿ ಕೆಲಸ ಆರಂಭವಾದ, 649 ಕಿಲೋಮೀಟರ್ ಉದ್ದದ ಇಂದಿರಾ ಗಾಂಧಿ ಕಾಲುವೆ 1980ರ ದಶಕದ ಕೊನೆಗೆ ಜೈಸಲ್ಮೇರ್ ಜಿಲ್ಲೆಯನ್ನು ಮುಟ್ಟಿತು. ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಹೆಂಗಸರಿಗೆ ಅದು ತಂದ ಬಿಡುಗಡೆಯನ್ನು ಯಾರೂ ಹಗುರಾಗಿ ಕಾಣಬಾರದು. ಆದರೆ ಅದೇ ಕಾಲದಲ್ಲಿ ಕೋಟೆಯೊಳಗೆ ನಲ್ಲಿಗಳು ಹೆಚ್ಚಿ, ಮನೆಗಳು ಅತಿಥಿಗೃಹಗಳಾಗಿ, ಸ್ನಾನದ ಮನೆಗಳು ಒಂದರ ಮೇಲೊಂದು ಎದ್ದವು. ಕೊಡದ ಲೆಕ್ಕದಲ್ಲಿ ನೀರು ಬಳಸುವವರಿಗಾಗಿ ಮಾಡಿದ ಚರಂಡಿಗಳು ಈ ಹೊರೆಯನ್ನು ಹೊರಲಾರದೆ ಸೋರತೊಡಗಿದವು. ಬೆಟ್ಟದ ಮರಳುಗಲ್ಲಿನ ಕೆಳಗಿರುವ ಜೇಡಿಪದರಗಳು ನೀರು ಕುಡಿದರೆ ಉಬ್ಬಿ ಜಾರುತ್ತವೆ, ಮೇಲಿನ ಗೋಡೆಗಳು ಬಿರಿಯುತ್ತವೆ. 1998ರಲ್ಲಿ ಹೊರಗೋಡೆಯ ಭಾಗವೊಂದು ಕುಸಿದು ಆರು ಮಂದಿ ಸತ್ತರು. ಅನಂತರದ ವರ್ಷಗಳಲ್ಲಿ ಬುರುಜುಗಳೂ ಬಿದ್ದವು. ವಿಶ್ವ ಸ್ಮಾರಕ ನಿಧಿಯು 1996ರಿಂದ ಆರಂಭಿಸಿ ಒಂದಕ್ಕಿಂತ ಹೆಚ್ಚು ಸಲ ತನ್ನ ಅಪಾಯದ ಪಟ್ಟಿಯಲ್ಲಿ ಈ ಕೋಟೆಯನ್ನು ಸೇರಿಸಿತು. ಪುರಾತತ್ವ ಇಲಾಖೆಯವರೂ ಇತರರೂ ಬುರುಜುಗಳನ್ನು ಮರಳಿ ಕಟ್ಟಿದ್ದಾರೆ, ಚರಂಡಿಗಳನ್ನು ಹೊಸದಾಗಿ ಹಾಕಿದ್ದಾರೆ, ರಾಣಿಯರ ಮಹಲು ದುರಸ್ತಿಯಾಗಿದೆ. ಆದರೆ ಒಳಗಿನ ಮನೆಗಳು ಖಾಸಗಿಯವಾದ್ದರಿಂದ ನೀರಿನ ಬಳಕೆಯನ್ನು ನಿಯಂತ್ರಿಸುವುದು ಸುಲಭವಲ್ಲ.

ಕೋಟೆಯ ನಿವಾಸಿಗಳನ್ನೇ ಹೊರಗೆ ಕಳಿಸಬೇಕೆಂಬ ವಾದ ಆಗಾಗ ಕೇಳಿಬರುತ್ತದೆ. ಅದು ಸರಿಯಾದ ಪರಿಹಾರವಲ್ಲ. ಜನವಸತಿ ಇಲ್ಲದ ಜೈಸಲ್ಮೇರ್ ಇನ್ನೊಂದು ಟಿಕೆಟ್ ಕೋಟೆಯಾಗುತ್ತದೆ, ಅಲ್ಲಿ ಹುಟ್ಟಿ ಬೆಳೆದವರಿಗೆ ಅನ್ಯಾಯವೂ ಆಗುತ್ತದೆ. ಬೆಟ್ಟದ ಮೇಲಿನ ಹೊರೆಯನ್ನು ಇಳಿಸುವ ಕೆಲಸ ಬಂದುಹೋಗುವವರಿಂದ ಆರಂಭವಾಗಬೇಕು. ಕನ್ನಡನಾಡಿನಿಂದ ಅಲ್ಲಿಗೆ ಹೋಗುವವರು ಕೋಟೆಯೊಳಗಿನ ವಸತಿಗೃಹಗಳನ್ನು ಬಿಟ್ಟು ಕೆಳಗಿನ ಪೇಟೆಯಲ್ಲಿ ಇಳಿದುಕೊಳ್ಳಲಿ, ಬೆಳಿಗ್ಗೆ ನಡೆದು ಕೋಟೆಯೇರಲಿ, ಓಣಿಯ ಅಂಗಡಿಗಳಲ್ಲಿ ಕೊಳ್ಳುವುದನ್ನು ಕೊಂಡು ಅಲ್ಲಿನವರ ಜೀವನಕ್ಕೆ ನೆರವಾಗಲಿ, ಬಿಲ್ಹಣನ ಕಾವ್ಯ ಉಳಿದ ಭಂಡಾರದ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ, ರಾತ್ರಿಯ ಸ್ನಾನಕ್ಕೆ ಮಾತ್ರ ಬೆಟ್ಟ ಇಳಿದು ಬರಲಿ.